ಪದ್ಮರಾಜರು ಬಿಟ್ಟ ಉಪ್ಪು

ಮೂಡುಬಿದಿರೆ ಪೇಟೆಯ ಪಾತ್ರೆ ಅಂಗಡಿಯ ಪದ್ಮರಾಜರು ಗಿರಾಕಿಗಳ ಹತ್ತಿರ ಆಡುವುದೆಲ್ಲ ಬೆಣ್ಣೆಯಂಥ ಮಾತು. ಮನೆಯಲ್ಲಿ ಊಟದ ಬಟ್ಟಲ ಮುಂದೆ ಕೂತರೆ ಮಾತ್ರ ಮುಗಿಯಿತು, ಮೊದಲ ತುತ್ತು ಗಂಟಲಿಗೆ ಇಳಿಯುವ ಮುಂಚೆಯೇ, "ಇದಕ್ಕೊಂದು ಕಲ್ಲು ಉಪ್ಪು ಬೇಕಿತ್ತು." ಉಪ್ಪು ಸರಿಯಿರಲಿ, ಹೆಚ್ಚೇ ಇರಲಿ, ಆ ಮಾತು ತಪ್ಪದು. ಕೆಟ್ಟ ಮನಸ್ಸೇನಲ್ಲ, ಬಾಯಿಗೆ ಅಂಟಿದ ಚಾಳಿ. ಹೆಂಡತಿ ಪ್ರಭಾವತಿ ಎದುರು ಕೂತು ಉಣ್ಣುತ್ತಲೇ ಅದನ್ನು ವರ್ಷಗಟ್ಟಲೆ ಹೊಟ್ಟೆಗೆ ಹಾಕಿಕೊಂಡರು.

ಈ ಮಳೆಗಾಲ ಮಗಳು ತ್ರಿಶಾಳ ಅತ್ತೆ ಮಾವ ಊಟಕ್ಕೆ ಬಂದರು. ಅವರೆದುರೂ ಅದೇ ಮಾತು! ಬೀಗರು ತಲೆ ತಗ್ಗಿಸಿದರು. ಜಗಳವೇನೂ ಆಗಲಿಲ್ಲ. ಆದರೆ ಅಂದಿನಿಂದ ಪ್ರಭಾವತಿ ಗಂಡನಿಗೆ ಬಡಿಸಿ ಒಳಗೆ ಹೋಗಿ, ಆಮೇಲೆ ಒಬ್ಬರೇ ಉಣ್ಣತೊಡಗಿದರು.

"ಬಾ ಮಾರಾಯ್ತಿ, ಒಟ್ಟಿಗೆ ಊಟ ಮಾಡುವ."

"ನೀವು ಮಾಡಿ. ನಂಗೆ ಕೆಲಸ ಉಂಟು."

ಎದುರಿನ ಖಾಲಿ ಮಣೆ ನೋಡುತ್ತ ಉಣ್ಣುವುದೆಂದರೆ ಪದ್ಮರಾಜರಿಗೆ ಅನ್ನವೇ ಸೇರುತ್ತಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿಯೂ ಬರಲಿಲ್ಲ.

ಭಾದ್ರಪದದಲ್ಲಿ ಜೈನರ ಹತ್ತು ದಿನದ ವ್ರತ, ದಶಲಕ್ಷಣ ಪರ್ವ ಬಂತು. ನಾಲಿಗೆ ಮೊದಲು ಏನನ್ನು ಕೇಳುತ್ತದೋ ಅದನ್ನೇ ಬಿಡಿ ಎಂದರು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು. ಕೆಲವರು ತುಪ್ಪ ಬಿಟ್ಟರು, ಕೆಲವರು ಸಕ್ಕರೆ. ಪದ್ಮರಾಜರು ಉಪ್ಪು ಬಿಟ್ಟರು.

ಪ್ರಭಾವತಿ ಉಪ್ಪು ಹಾಕದೆಯೇ ಅಡುಗೆ ಮಾಡಿ, ತಮ್ಮ ಬಟ್ಟಲಿಗೆ ಮಾತ್ರ ಉಪ್ಪು ಬೆರೆಸಿಕೊಳ್ಳುತ್ತಿದ್ದರು. ಮೊದಮೊದಲು ಪದ್ಮರಾಜರಿಗೆ ಆ ಹಳೇ ಮಾತು ತುಟಿಯವರೆಗೆ ಬಂದುಬಿಡುತ್ತಿತ್ತು. ಉಪ್ಪು ಬಿಟ್ಟವನು ಉಪ್ಪು ಕೇಳುವುದೇ! ನಾಚಿಕೆಯಾಗಿ ನುಂಗಿಕೊಳ್ಳುತ್ತಿದ್ದರು. ಹುಡುಕಲು ತಪ್ಪೇ ಇಲ್ಲವೆಂದ ಮೇಲೆ ಕಣ್ಣು ಬೇರೆ ಕಡೆ ಹೋಯಿತು. ಹೆಂಡತಿ ಎಡಗೈಯಲ್ಲಿ ಬಡಿಸುತ್ತಿದ್ದರು.

"ಬಲಗೈಗೆ ಏನಾಯ್ತು?"

"ಭುಜ ನೋವು. ವರ್ಷ ಆಯ್ತು."

ವರ್ಷವಿಡೀ ಆ ನೋವಿನ ಕೈಯ ಅಡುಗೆಗೇ ಕೊರತೆ ಹೇಳಿದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಅಂದು ಬಡಿಸಿದ್ದನ್ನೆಲ್ಲ ತಲೆಯೆತ್ತದೆ ಉಂಡೆದ್ದರು.

ಪರ್ವ ಮುಗಿದು ಪಾರಣೆಯ ದಿನ. ವ್ರತ ಬಿಡುವ ಊಟಕ್ಕೆ ಪ್ರಭಾವತಿ ಸೌತೆಕಾಯಿ ಸಾಂಬಾರು, ಅಲಸಂಡೆ ಪಲ್ಯ ಮಾಡಿದ್ದರು. ಬಡಿಸಿ, ಒಳಗೆ ಹೋಗದೆ ಬಾಗಿಲ ಹತ್ತಿರವೇ ನಿಂತರು. ಹಳೇ ಮಾತು ಇವತ್ತು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಾರೆಂದು ಪದ್ಮರಾಜರಿಗೆ ಗೊತ್ತಾಗದೆ ಇರಲಿಲ್ಲ.

ಮೊದಲ ತುತ್ತು ಬಾಯಿಗಿಟ್ಟರು. ಸಪ್ಪೆ! ಇಷ್ಟು ದಿನದ ರೂಢಿಯಲ್ಲಿ ಪ್ರಭಾವತಿ ಇಂದೂ ಉಪ್ಪು ಹಾಕುವುದನ್ನು ಮರೆತಿದ್ದರು. ಜನ್ಮದಲ್ಲಿ ಒಮ್ಮೆ ಆ ಮಾತು ನಿಜವಾಗಿಯೂ ಸಲ್ಲುವ ದಿನ. ಪದ್ಮರಾಜರು ಎರಡನೇ ತುತ್ತು ಉಂಡರು, ಮೂರನೆಯದನ್ನೂ ಉಂಡರು.

"ಊಟ ಚಂದ ಆಗಿದೆ. ನೀನೂ ಕೂತ್ಕೊ."

ಪ್ರಭಾವತಿ ಬಾಗಿಲಿಂದ ಈಚೆ ಬಂದರು. ಆಮೇಲೆ ಮಣೆ ಎಳೆದು ಎದುರು ಕೂತು ಬಡಿಸಿಕೊಂಡರು. ಒಂದು ತುತ್ತು ಬಾಯಿಗಿಟ್ಟವರೇ ಕೈ ನಿಲ್ಲಿಸಿದರು.

"ಅಯ್ಯೋ, ಉಪ್ಪೇ ಹಾಕ್ಲಿಲ್ಲ! ಅಲ್ಲ ಮಾರಾಯ್ರೆ, ಇದ್ದಾಗೆಲ್ಲ ಇಲ್ಲ ಅಂದ್ರಿ. ಇವತ್ತು ಇಲ್ಲ, ಸುಮ್ಮನೆ ಉಣ್ತಿದ್ದೀರಲ್ಲ?"

ಪದ್ಮರಾಜರು ಬಟ್ಟಲಿಂದ ಕಣ್ಣೆತ್ತಲಿಲ್ಲ. "ಹೇಳಿದ್ರೆ ನೀನು ಕೂರ್ತಿರ್ಲಿಲ್ಲ."

ಪ್ರಭಾವತಿ ಎದ್ದು ಅಡುಗೆಮನೆಗೆ ಹೋದರು. ಎದುರಿನ ಮಣೆ ಮತ್ತೆ ಖಾಲಿಯಾಯಿತು ಎಂದುಕೊಂಡರು ಪದ್ಮರಾಜರು. ಉಪ್ಪಿನ ಭರಣಿ ಹಿಡಿದು ಹೊರಬಂದ ಪ್ರಭಾವತಿಯ ಕಣ್ಣು ಒದ್ದೆಯಾಗಿತ್ತು. ಮೊದಲು ಗಂಡನ ಬಟ್ಟಲಿಗೆ ಉಪ್ಪು ಹಾಕಿದರು, ಆಮೇಲೆ ತಮ್ಮ ಮಣೆಯ ಮೇಲೆ ಕೂತು ಊಟ ಮುಂದುವರಿಸಿದರು.