ಕುಂಕುಮ ಹತ್ತಿದ ರೆಕಾರ್ಡು

ಇಂಗ್ಲೆಂಡಿನ ಹೊಸ ಗಿಟಾರ್ ಬ್ಯಾಂಡೊಂದರ ಮೊದಲ ಆಲ್ಬಂಗಾಗಿ ನಾನೂ ಮಗಳೂ ಎರಡು ತಿಂಗಳು ಕಾದಿದ್ದೆವು. ಹದಿನೈದು ತುಂಬಿದ ಮೇಲೆ ಅವಳು ಮನೆಯಲ್ಲಿ ಬಾಯಿ ಬಿಡುವುದೇ ಅಪರೂಪವಾಗಿತ್ತು. ನಮ್ಮಿಬ್ಬರ ನಡುವೆ ಉಳಿದಿದ್ದದ್ದು ಈ ಬ್ಯಾಂಡಿನ ಹುಚ್ಚೊಂದೇ. ಅದಕ್ಕೇ ಅವಳಿಂದ ಆಣೆ ಮಾಡಿಸಿಕೊಂಡಿದ್ದೆ: ಫೋನಿನಲ್ಲಿ ಹಾಡು ಮೊದಲೇ ಸಿಕ್ಕರೂ ಕದ್ದು ಕೇಳುವಂತಿಲ್ಲ, ರೆಕಾರ್ಡು ಮನೆಗೆ ಬಂದ ದಿನವೇ ಇಬ್ಬರೂ ಸೇರಿ ಮೊದಲ ಸಲ ಕೇಳಬೇಕು. ನಾನಂತೂ ಆಫೀಸಿನ ಟ್ರೈನಿನಲ್ಲಿ ಕೈ ಕಟ್ಟಿಕೊಂಡು ಕೂತು ತಡೆದುಕೊಂಡೆ.

ಪಾರ್ಸೆಲ್ ತಲುಪಿತೆಂದು ಮೆಸೇಜು ಬಂದ ಶುಕ್ರವಾರ ಸಂಜೆ ಗ್ಲೆನ್ ವೇವರ್ಲಿ ಸ್ಟೇಷನ್ನಿನಿಂದ ಮನೆವರೆಗೂ ಓಡಿದೆ. ಬಾಗಿಲು ತೆಗೆದರೆ ರೆಕಾರ್ಡು ದೇವರ ಮುಂದೆ! ಹುಬ್ಬಳ್ಳಿಯಿಂದ ಈ ಪರದೇಶಕ್ಕೆ ನಮ್ಮನ್ನು ನೋಡಲು ಬಂದಿದ್ದ ನಮ್ಮತ್ತೆ ಕವರು ಬಿಚ್ಚಿ, ಆ ಕರಿ ತಟ್ಟೆಯ ಮೇಲೆ ಒದ್ದೆ ಅರಿಷಿಣ-ಕುಂಕುಮ ಹಚ್ಚಿ, ಹೂವೇರಿಸಿಟ್ಟಿದ್ದರು.

"ಅಯ್ಯ, ಹೊಸಾ ಸಾಮಾನು ಹಂಗ ಉಪಯೋಗಸ್ತಾರೇನವಾ?" ಎಂದರು.

"ಅತ್ತೀ, ಅದು ಗಾಡಿ ಅಲ್ರೀ! ಅದರ ಗೆರಿಯೊಳಗ ಹಾಡು ಅದಾವ್ರೀ!" ಎಂದು ಕಿರುಚಿಬಿಟ್ಟೆ.

ಅವರ ಮುಖ ಸಣ್ಣದಾಯಿತು. ನನ್ನ ಸಿಟ್ಟೇ ಹಾಗೆ, ಮೂಗಿನ ತುದಿಯಲ್ಲೇ ಇರುತ್ತದೆ. ಮಗಳು ನಗುತ್ತಾ ನೀರು, ಮೆತ್ತನೆ ಬಟ್ಟೆ ತಂದಳು. ಅತ್ತೆಯೇ, ಎಳೆಗೂಸಿನ ಮುಖ ಒರೆಸಿದ ಹಾಗೆ, ಮೆಲ್ಲಗೆ ಒರೆಸಿ ಕೊಟ್ಟರು.

ಪ್ಲೇಯರಿಗೆ ಹಾಕಿ, ಗೆರೆಯ ಮೇಲೆ ಮುಳ್ಳು ಇಟ್ಟೆವು. ಟಿಕ್, ಟಿಕ್. ಆಮೇಲೆ ಗಿಟಾರು! ಅಬ್ಬಬ್ಬಾ, ಏನು ರಭಸ, ಏನು ತುಂಟತನ! ಎರಡನೆಯ ಹಾಡಿಗೆ ನಾನು ಸೋಫಾ ಬಿಟ್ಟೆದ್ದೆ. ಅತ್ತೆಯ ಕಾಲ ಹೆಬ್ಬೆರಳೂ ತಾಳ ಹಾಕುತ್ತಿತ್ತು. ಮೂರನೆಯದಕ್ಕೆ ಮಗಳು ಹಾಡತೊಡಗಿದಳು. ಮೈಮರೆತು, ಒಂದಕ್ಷರವೂ ತಪ್ಪದೆ ಹಾಡುತ್ತಿದ್ದಳು.

ನಾನು ಅವಳತ್ತ ತಿರುಗಿದೆ. "ಮೋಸಗಾತಿ! ಆಗಲೇ ಕೇಳೀಯೇನು? ಆಣಿ ಮಾಡಿದ್ದಿಯಲ್ಲ ನೀನು!"

ಅವಳು ಬಂದು ನನ್ನ ಕೈ ಹಿಡಿದಳು. ಎಷ್ಟು ದಿನವಾಗಿತ್ತು ಹಾಗೆ ಹಿಡಿದು!

"ಸಾರಿ ಅಮ್ಮಾ. ಫೈವ್ ಟೈಮ್ಸ್ ಕೇಳಿದೆ. ಯಾವ ಪಾರ್ಟ್‌ಗೆ ನೀನು ಹುಚ್ಚಿ ಥರ ಕುಣೀತೀಯ ಅಂತ ಮೊದಲೇ ಗೊತ್ತಿರಬೇಕಿತ್ತು ನಂಗೆ. ಆಗ ನಿನ್ನ ಫೇಸ್ ನೋಡ್ಬೇಕಿತ್ತು. ಶ್! ಈಗ, ಈಗ ಬರುತ್ತೆ!"

ಡ್ರಮ್ಮು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಗಿಟಾರುಗಳೆಲ್ಲ ಒಟ್ಟಿಗೇ ನುಗ್ಗಿ ಬಂದವು. ನಾನು ಕೂಗುತ್ತಾ ಮೇಲಕ್ಕೆ ಹಾರಿದೆ. ಮಗಳು ಹಾಡುವುದನ್ನೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.