ಇಂಜಿನ್ನಿನ ಶ್ರುತಿ ಬಿಟ್ಟವಳು

ಬೆಳಿಗ್ಗೆ ನೀರು ಹಿಡಿದೆ. ಎರಡು ಹೊದಿಕೆ ಒಗೆದು ಹರವಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಆಮೇಲೆ ಹಿತ್ತಿಲ ಚಿಲಕದ ತುಕ್ಕು ತೆಗೆಯಲೆಂದು ಬಟ್ಟೆಚೂರನ್ನು ಡೀಸೆಲ್ಲಿನಲ್ಲಿ ಅದ್ದಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸು, ಪಕ್ಕದ ಮನೆಯ ಅಕ್ಕ...

ಅವಳು ರಚಿಸಿದ ಕೃತಿಗಳನ್ನು ಈಗ ಸಂಗೀತ ಕಚೇರಿಗಳಲ್ಲಿ ಹಾಡುತ್ತಾರೆ. ಆಗ ಅವಳಿಗೆ ಹದಿನಾಲ್ಕು, ನನಗೆ ಹನ್ನೆರಡು. ಅವಳ ಅಪ್ಪ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮನೆಯಲ್ಲಿ ತಂಬೂರಿ ಇರಲಿಲ್ಲ. ಹಿತ್ತಿಲಾಚೆ ಗೂಡ್ಸಿನ ಡೀಸೆಲ್ ಇಂಜಿನ್ನು ಗಂಟೆಗಟ್ಟಲೆ ಗುಂಯ್‌ಗುಡುತ್ತ ನಿಂತಿರುತ್ತಿತ್ತು. ಶಾಲೆಯ ಟೀಚರ್ ಹೇಳಿಕೊಟ್ಟ ಸರಳೆ ವರಸೆಯನ್ನು ಅಕ್ಕ ಅದರ ಶ್ರುತಿಗೇ ಹಾಡಿಕೊಂಡು ಬೆಳೆದಳು.

ಮುಂದೆ ಭಾನುವಾರದ ರೈಲಿನಲ್ಲಿ ಚಿತ್ರದುರ್ಗದ ಸಂಗೀತ ಮೇಷ್ಟ್ರ ಬಳಿ ಪಾಠಕ್ಕೆ ಹೊರಟಳು. ಒಬ್ಬಳೇ ಬೇಡವೆಂದು ಜೊತೆಗೆ ನಾನೂ. ತೊಂದರೆ ಬಂದದ್ದು ಅಲ್ಲಿ. ತಂಬೂರಿಗೆ ಸರಿಯಾಗಿಯೇ ಎತ್ತಿಕೊಳ್ಳುತ್ತಿದ್ದಳು. ನಾಲ್ಕು ಸಾಲು ಕಳೆಯುವುದರೊಳಗೆ ದನಿ ಕೂದಲೆಳೆಯಷ್ಟು ಇಳಿದು ಇಂಜಿನ್ನಿನ ಶ್ರುತಿಗೆ ಹೋಗಿ ನಿಲ್ಲುತ್ತಿತ್ತು.

“ಲೇ ತಾಯಿ, ತಂಬೂರಿ ಇಲ್ಲೈತೆ. ನೀನೆಲ್ಲಿಗ್ ಹೋಗ್ತೀಯ?” ಎಂದರು ಮೇಷ್ಟ್ರು.

“ಚಿಕ್ಕಜಾಜೂರಿಗೆ ಸಾರ್,” ಎಂದುಬಿಟ್ಟೆ ನಾನು.

ಮೇಷ್ಟ್ರು ನಗಲಿಲ್ಲ. “ಬರೋ ವಾರಾನೂ ಹಿಂಗೇ ಆದ್ರೆ ಇಬ್ರೂ ಬರಬ್ಯಾಡ್ರಿ. ಶ್ರುತಿ ನಿಲ್ಲದೋರಿಗೆ ನಾನು ಪಾಠ ಮಾಡಲ್ಲ.”

ವಾಪಸು ಬರುವಾಗ ರೈಲಿನಲ್ಲಿ ಅವಳು ಅದೇ ನಾಲ್ಕು ಸಾಲು ಗುನುಗುತ್ತಿದ್ದಳು. ಇನ್ನು ಇಂಜಿನ್ನಿನ ಸದ್ದು ಕೇಳದಷ್ಟು ದೂರ ಹೋಗಿ ಹಾಡುತ್ತಾಳೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ದಿನಾ ಸಂಜೆ ಅದರ ಮಗ್ಗುಲಿಗೇ ಹೋಗಿ ನಿಂತು, ತಂಬೂರಿಯ ಶ್ರುತಿಯನ್ನು ನೆನಪಿನಿಂದ ಹಿಡಿದು ಹಾಡಿದಳು. ಇಳಿದಳೆನ್ನಿಸಿದರೆ ತಾನೇ ನಿಲ್ಲಿಸಿ ಮತ್ತೆ ಮೊದಲಿನಿಂದ...

ಡ್ರೈವರು ತಲೆ ಹೊರಗೆ ಹಾಕಿ, “ಏನವ್ವ, ನನ್ನ ಗಾಡಿ ಜತೆ ಜಗಳಾನಾ?” ಎಂದ.

“ಇಲ್ಲಣ್ಣ. ನನ್ನ ದನೀನ ಸಾಕಿದ್ದೇ ಇದು. ಈಗ ಬಿಟ್ಟಿರೋದು ಕಲೀತಿದೀನಿ.”

ಆ ಭಾನುವಾರ ಅವಳ ದನಿ ಇಳಿಯಲಿಲ್ಲ. ಮೇಷ್ಟ್ರು ಕಣ್ಣು ತೆರೆದವರೇ ತಂಬೂರಿಯನ್ನು ಅವಳ ಮಡಿಲಿಗಿಟ್ಟರು. “ಇನ್ಮೇಲೆ ಶ್ರುತಿ ನೀನೇ ಮಾಡ್ಕ.” ಅವಳು ಮೀಟತೊಡಗಿದಳು. ಅತ್ತವಳು ಮಾತ್ರ ನಾನು.

ದೊಡ್ಡವಳಾದ ಮೇಲೂ ಅದೇ ಹಟ. ಒಂದು ಸಾಲು ಸರಿಹೋಗಲು ತಿಂಗಳು ಕಾಯುತ್ತಿದ್ದಳು. ಹೊಸ ಕೃತಿ ಮುಗಿದರೆ ಫೋನಿನಲ್ಲೇ ನನಗೆ ಹಾಡಿ ಕೇಳಿಸುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳ ಕೃತಿಯನ್ನು ಯಾರಾದರೂ ಶ್ರುತಿ ಇಳಿಸಿ ಹಾಡಿದರೆ ನನಗೆ ತಕ್ಷಣ ತಿಳಿಯುತ್ತದೆ. ಹೌದಾ ಅಲ್ಲವಾ ಎಂದು ಕೇಳೋಣವೆಂದರೆ ಅವಳಿಲ್ಲ.

ಮಧ್ಯಾಹ್ನ ರೊಟ್ಟಿ, ಹುರುಳಿಕಾಳಿನ ಪಲ್ಯ ಉಂಡೆವು. ಮೊದಲು ನಿದ್ದೆಹೋದವರು ನಮ್ಮ ಮನೆಯವರು; ನನ್ನ ಕೈಯಲ್ಲಿ ಇನ್ನೂ ಡೀಸೆಲ್ಲಿನ ವಾಸನೆ ಇತ್ತು.