ಚಿಕ್ಕಪ್ಪನ ಪಾಲಿಗೆ ಬಂದ ರಿಮೋಟುಗಳು

ಮೊನ್ನೆ ಸಂಜೆ ಸ್ಕೂಲಿನಿಂದ ಮನೆಗೆ ಬಂದಾಗ ಜಗಲಿಯ ಮೇಲೆ ಒಂದು ಬಟ್ಟೆ ಚೀಲ ಇತ್ತು. ಬಾಯಿ ಬಿಚ್ಚಿದ ಕೂಡಲೇ ಕೊಬ್ಬರಿ ಅಟ್ಟದ ವಾಸನೆ ಮೂಗಿಗೆ ಬಂತು. ಒಣಗಿದ ಸಿಪ್ಪೆ, ಒಲೆಯ ಹೊಗೆ, ಸ್ವಲ್ಪ ಕಮಟು ಹಿಡಿದ ಎಣ್ಣೆ ಎಲ್ಲವೂ ಸೇರಿದ ವಾಸನೆ ಅದು. ಒಳಗೆ ವಿಡಿಯೋ ಗೇಮಿನ ಎರಡು ಹಳೆಯ ರಿಮೋಟುಗಳು ಒಂದರ ವೈರು ಒಂದಕ್ಕೆ ಸುತ್ತಿಕೊಂಡು ಮಲಗಿದ್ದವು. ಡೈರಿಗೆ ಹಾಲು ಹಾಕಲು ಬಂದಿದ್ದ ಚಿಕ್ಕಮ್ಮ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಇನ್ನು ನಮ್ಮ ಮನೆಯಲ್ಲಿ ಇವನ್ನು ಹಿಡಿಯುವವರು ಯಾರಿದ್ದಾರೆ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೋದಳಂತೆ.

ಚಿಕ್ಕಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂತು. ನಾನು ಒಂದು ರಿಮೋಟನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಇದು ಅವನ ಚಾಳಿ. ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯಿತೋ ಇಲ್ಲವೋ ಎಂದು ನೋಡುವುದೇ ಹಾಗೆ. ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು ಗಡಗಡ ಅಂದರೆ ಆಗಿದೆ ಎಂದು ಲೆಕ್ಕ. ಚಿಕ್ಕಪ್ಪ ಮಾತ್ರ ಟಾರ್ಚು, ಮೊಬೈಲು, ಮಾತ್ರೆಯ ಡಬ್ಬಿ, ಕೈಗೆ ಏನು ಕೊಟ್ಟರೂ ಮೊದಲು ಕಿವಿಗೆ ಹಿಡಿಯುತ್ತಿದ್ದ. ರಿಮೋಟಿನೊಳಗೆ ಸ್ಕ್ರೂ ಕಳಚಿ ಸದ್ದು ಮಾಡಿದರೆ, ಇದು ಸುಲಿಯೋಕೆ ಬಂದದೆ ಎಂದು ನಗುತ್ತಿದ್ದ…

ಆ ವಿಡಿಯೋ ಗೇಮ್ ನಮ್ಮ ಮನೆಗೆ ಬಂದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕಿ ವಾಪಸ್ ಬರುವಾಗ ಅದನ್ನು ಒಂದು ರಟ್ಟಿನ ಡಬ್ಬಿಯಲ್ಲಿ ತಂದಿದ್ದರು. ಟಿವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಅದಕ್ಕೆ ಎರಡು ರಿಮೋಟು. ಹೆಸರಿಗೆ ಅದು ನನಗಾಗಿ ತಂದದ್ದು. ಆದರೆ ಮೀಸೆ ಹೊತ್ತ ಇಬ್ಬರು ಗಂಡಸರು ರಿಮೋಟು ಹಿಡಿದು ಕೂತರೆ ನನ್ನ ಸರದಿ ಬರುವ ಹೊತ್ತಿಗೆ ಕರೆಂಟೇ ಹೋಗಿರುತ್ತಿತ್ತು. ಅವರಿಗೆ ಇಷ್ಟವಾಗಿದ್ದು ಒಂದೇ ಆಟ. ಇಬ್ಬರು ಸಿಪಾಯಿಗಳು ಬಂದೂಕು ಹಿಡಿದು ಕಾಡಿನಲ್ಲಿ ಓಡಬೇಕು, ಗುಂಡಿ ಬಂದರೆ ನೆಗೆಯಬೇಕು. ಕೆಂಪು ಚಡ್ಡಿಯವನು ಅಪ್ಪ, ನೀಲಿ ಚಡ್ಡಿಯವನು ಚಿಕ್ಕಪ್ಪ. ಇದು ಯಾವತ್ತೂ ಬದಲಾಗುತ್ತಿರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, ತೋಟಕ್ಕೆ ಹಂದಿ ನುಗ್ಗಿದರೂ ಇವರು ಏಳಲ್ಲ ಎಂದು ಬೈಯುತ್ತಿದ್ದಳು. ಅಪ್ಪ ಅಷ್ಟು ಮನಸ್ಸು ಬಿಚ್ಚಿ ನಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಜ್ಜಿ ಹೋದ ಮೇಲೆ ಮನೆ ಭಾಗವಾಯಿತು. ಬೋರ್‌ವೆಲ್ ನೀರಿನ ಸರದಿಗೆ ಶುರುವಾದ ಮಾತು ಎಲ್ಲಿಗೋ ಹೋಗಿ, ಆಡಬಾರದ್ದನ್ನು ಇಬ್ಬರೂ ಆಡಿಕೊಂಡಿದ್ದರು. ಅಣ್ಣನಾದವನು ಎರಡು ಪಾಲು ಮಾಡಿಡಬೇಕು, ತಮ್ಮನಾದವನು ಮೊದಲು ಆರಿಸಿಕೊಳ್ಳಬೇಕು, ಇದು ನಮ್ಮಲ್ಲಿನ ಪದ್ಧತಿ. ಶೆಟ್ಟಿಕೆರೆಯಿಂದ ಬಂದಿದ್ದ ನೆಂಟರು ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಅಪ್ಪ ಹಂಡೆ, ಕೊಳದಪ್ಪಲೆ, ಗುದ್ದಲಿ, ಹಾರೆಗಳನ್ನು ಅಂಗಳದಲ್ಲಿ ಎರಡು ಗುಂಪಾಗಿ ಜೋಡಿಸಿದ. ಕೊನೆಗೆ ಉಳಿದದ್ದು ವಿಡಿಯೋ ಗೇಮ್. ಅಪ್ಪ ಅದರ ಪೆಟ್ಟಿಗೆಯನ್ನು ಒಂದು ಗುಂಪಿಗಿಟ್ಟ, ಎರಡು ರಿಮೋಟನ್ನು ಕಿತ್ತು ಇನ್ನೊಂದು ಗುಂಪಿಗಿಟ್ಟ. ಆ ನೆಂಟರಲ್ಲಿ ಒಬ್ಬರಿಗೂ ಅದು ಏನೆಂದು ಗೊತ್ತಿರಲಿಲ್ಲ, ಆದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಅಮ್ಮ ನನ್ನ ರಟ್ಟೆ ಹಿಂಡಿದಳು. ಚಿಕ್ಕಪ್ಪ ಎರಡೂ ಗುಂಪನ್ನು ಸುತ್ತಿ ಬಂದು, ರಿಮೋಟುಗಳಿದ್ದ ಪಾಲನ್ನು ಆರಿಸಿಕೊಂಡ. ಆ ಪಾಲಿನ ಹಂಡೆಗೆ ತೂತಿತ್ತು, ಅದೂ ಅವನಿಗೆ ಗೊತ್ತಿತ್ತು.

ಅಪ್ಪ ಬೇಕೆಂದೇ ಹಾಗೆ ಇಟ್ಟನೋ, ಸಿಟ್ಟಿನಲ್ಲಿ ಇಟ್ಟನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅಂತೂ ಇಬ್ಬರಿಗೂ ಆಟವಿಲ್ಲದ ಹಾಗಾಯಿತು. ಚಿಕ್ಕಪ್ಪ ತೋಟದ ಆ ತುದಿಯಲ್ಲಿ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ಅಣ್ಣನ ಮನೆಗೆ ತಾನೇ ಬಂದು, ಕುಂಕುಮ ಕೊಟ್ಟು ಕರೆಯಬೇಕಿತ್ತು. ಮಾತು ಬಿಟ್ಟಿದ್ದರಿಂದ ಮುಖ ತೋರಿಸಲಾರದೆ ಪಕ್ಕದ ತೋಟದವರ ಕೈಯಲ್ಲಿ ಕಾರ್ಡು ಕಳಿಸಿದ. ಅಪ್ಪನಿಗೆ ಅಷ್ಟು ಸಾಕಾಯಿತು. ಆ ಹೊಸ್ತಿಲು ತುಳಿಯೋದಿಲ್ಲ ಅಂದ, ಆ ಮನೆಯ ನೀರೂ ಮುಟ್ಟೋದಿಲ್ಲ ಅಂದ. ನಮ್ಮಪ್ಪ ಒಂದು ಸಲ ಹಟ ಹಿಡಿದರೆ ಅದನ್ನು ಇಳಿಸಲು ಅವನಿಗೇ ದಾರಿ ಗೊತ್ತಿರುವುದಿಲ್ಲ. ಚಿಕ್ಕಪ್ಪನ ಬಿಗುಮಾನ ಬಹಳ ದಿನ ಉಳಿಯಲಿಲ್ಲ. ಹಬ್ಬದ ದಿನ ಬಂದು ಅಮ್ಮನ ಕೈಯಲ್ಲಿ ಒಬ್ಬಟ್ಟು ತಿಂದು, ತನ್ನನ್ನು ಕಂಡೊಡನೆ ಅಪ್ಪ ಎದ್ದು ಹೋದ ಖಾಲಿ ಕುರ್ಚಿಯನ್ನು ನೋಡಿಕೊಂಡು ಹೋಗುತ್ತಿದ್ದ. ಹೀಗೇ ಇಪ್ಪತ್ತು ವರ್ಷದ ಮೇಲಾಯಿತು…

ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಲು ನಾನು ಮನೆಗೆ ಕಂಪ್ಯೂಟರ್ ತಂದೆ. ಒಂದು ಭಾನುವಾರ ಚಿಕ್ಕಪ್ಪ ಇದೇ ಬಟ್ಟೆ ಚೀಲ ಹಿಡಿದು ಬಂದ. ಇವನ್ನು ಅದಕ್ಕೆ ಸಿಕ್ಕಿಸಬಹುದಾ ಎಂದು ಕೇಳಿದ. ನಮ್ಮ ಪಾಲಿನ ಪೆಟ್ಟಿಗೆ ಎಂದೋ ತುಕ್ಕು ಹಿಡಿದು ಗುಜರಿಗೆ ಹೋಗಿತ್ತು. ಆದರೆ ರಿಮೋಟಿನ ಪಿನ್ನಿಗೂ ಕಂಪ್ಯೂಟರಿಗೂ ನಡುವೆ ಹಾಕುವ ಚಿಕ್ಕ ಅಡಾಪ್ಟರು ಸಿಗುತ್ತದೆ, ಆ ಕಾಲದ ಆಟಗಳನ್ನೂ ಕಂಪ್ಯೂಟರಿನಲ್ಲೇ ಆಡಬಹುದು ಎಂದು ಹೇಳಿದೆ. ಚಿಕ್ಕಪ್ಪ ಅಲ್ಲಿಂದ ಏಳಲೇ ಇಲ್ಲ. ಅವತ್ತೇ ಅಡಾಪ್ಟರಿಗೆ ಆರ್ಡರ್ ಹಾಕಿಸಿ ಹೋದ.

ರಿಮೋಟು ಬಿಚ್ಚಿ ನೋಡಿದರೆ ಒಳಗೆಲ್ಲ ಇರುವೆಗಳ ಸಂಸಾರ. ಚಿಕ್ಕಪ್ಪ ಇವನ್ನು ಅಟ್ಟದ ಮೊಳೆಗೆ ನೇತು ಹಾಕಿ, ಗುಂಡಿಗಳು ಬಿಗಿಯಬಾರದೆಂದು ಆಗಾಗ ಕೊಬ್ಬರಿ ಎಣ್ಣೆ ಬಿಡುತ್ತಿದ್ದನಂತೆ. ಬಾಗಿಲು ಕಿರುಗುಟ್ಟಿದರೆ, ಹೊಲಿಗೆ ಮೆಷಿನ್ನು ಬಿಗಿಯಾದರೆ, ಮಂಡಿ ಹಿಡಿದರೆ, ನಮಗೆ ಎಲ್ಲಕ್ಕೂ ಅದೇ ಎಣ್ಣೆ. ಗುಂಡಿಯ ಕೆಳಗಿನ ರಬ್ಬರು ಎಣ್ಣೆ ಕುಡಿದು ಬಾತುಕೊಂಡಿತ್ತು, ಮೇಲಿಂದ ಒತ್ತಿದರೆ ಒಳಗೆ ತಾಕುತ್ತಲೇ ಇರಲಿಲ್ಲ. ಆಟಕ್ಕೆ ಇಲ್ಲದ ಸಾಮಾನಿಗೆ ಇಷ್ಟು ವರ್ಷ ಎಣ್ಣೆ ಹಾಕಿದೆಯಲ್ಲ ಎಂದು ನಾನು ರೇಗಿಸಿದೆ. ಅವನು ನಗಲಿಲ್ಲ.

"ಪೆಟ್ಗೆ ನಿಮ್ಮಪ್ಪನ ತಾವ ಇತ್ತು. ಆಡೋ ಮನ್ಸಾದ್ರೆ ನನ್ನನ್ನ ಕೇಳ್ಲೇಬೇಕು ಅಂತ ಇವನ್ನ ತಗೊಂಡೆ ಕಣ್ಲಾ. ಕೇಳ್ಲೇ ಇಲ್ಲ ನೋಡು."

ರಬ್ಬರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ, ಸ್ಕ್ರೂ ಬಿಗಿದೆ. ಅಡಾಪ್ಟರು ಬಂದ ಭಾನುವಾರ ಎರಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿ ಆಟ ಹಚ್ಚಿದೆವು. ಆ ಸಂಗೀತ ಕೇಳಿದ್ದೇ ತಡ, ಹಿತ್ತಲಲ್ಲಿ ಮಟ್ಟೆ ಕಡಿಯುತ್ತಿದ್ದ ಅಪ್ಪ ಮಚ್ಚು ಹಿಡಿದೇ ಬಾಗಿಲಿಗೆ ಬಂದು ನಿಂತ. ಚಿಕ್ಕಪ್ಪ ತಲೆ ಎತ್ತಲಿಲ್ಲ. ಕೆಂಪು ಚಡ್ಡಿಯವನ ರಿಮೋಟು ಯಾರೂ ಹಿಡಿದಿಲ್ಲ ಅಂತ ಅವನಿಗೆ ಹೇಳು ಎಂದು ನನಗೆ ಹೇಳಿದ. ಅಪ್ಪ ಮಚ್ಚು ಮೂಲೆಗಿಟ್ಟು, ಸರಿದು ಕೂತ್ಕೊಳೋಕೆ ಹೇಳು ಅವನಿಗೆ ಎಂದು ನನಗೇ ಹೇಳಿದ. ಅಕ್ಕಪಕ್ಕ ಕೂತ ಇಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್ ಆದೆ.

ನಾನು ಒಂದು ತಪ್ಪು ಮಾಡಿದ್ದೆ. ಎರಡೂ ರಿಮೋಟು ಒಂದೇ ತರ ಇದ್ದದ್ದರಿಂದ ಕಂಪ್ಯೂಟರು ಅವನ್ನು ಅದಲುಬದಲು ಮಾಡಿಕೊಂಡಿತ್ತು. ಅಪ್ಪ ಒತ್ತಿದರೆ ನೀಲಿ ಚಡ್ಡಿ ಓಡುತ್ತಿತ್ತು, ಚಿಕ್ಕಪ್ಪ ಒತ್ತಿದರೆ ಕೆಂಪು ಚಡ್ಡಿ. ಇಬ್ಬರ ಕಣ್ಣೂ ತಂತಮ್ಮ ಹಳೆಯ ಆಳಿನ ಮೇಲೆ, ಆಳಿನ ಜುಟ್ಟು ಇನ್ನೊಬ್ಬನ ಕೈಯಲ್ಲಿ. ನನ್ನ ಆಳನ್ನು ಯಾಕೆ ನಿಲ್ಲಿಸ್ತಾನೆ ಕೇಳು, ನನ್ನವನನ್ನು ಯಾಕೆ ಓಡಿಸ್ತಾನೆ ಕೇಳು ಎಂದು ಇಬ್ಬರೂ ನನ್ನ ಮೇಲೆ ಬಿದ್ದರು. ನಾನು ಇಬ್ಬರಿಗೂ ದಾಟಿಸಿ ಮುಗಿಸುವ ಮುಂಚೆಯೇ ಕೆಂಪು ಚಡ್ಡಿಯವನು ಗುಂಡಿಯ ಅಂಚಿಗೆ ಹೋಗಿಬಿಟ್ಟಿದ್ದ.

"ನೆಗಿಯೋ! ನೆಗಿಯೋ ಅಂದ್ರೆ, ಬೀಳ್ತೀಯ ಕಣ್ಲಾ!" ಎಂದು ಅಪ್ಪ ಚಿಕ್ಕಪ್ಪನ ಭುಜ ಹಿಡಿದು ಕೂಗಿದ.

ಕೋಣೆ ಬಾಗಿಲಿಗೆ ಬಂದಿದ್ದ ಅಮ್ಮ ಅಲ್ಲೇ ನಿಂತುಬಿಟ್ಟಳು. ಚಿಕ್ಕಪ್ಪ ನೆಗೆದ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, ಹೂಂ ಅಣ್ಣ ಅಂದ. ಅಷ್ಟೇ. ನಾನು ಸೆಟಿಂಗ್ಸ್ ಸರಿ ಮಾಡಲು ಮೌಸಿಗೆ ಕೈ ಹಾಕಿದಾಗ ಚಿಕ್ಕಪ್ಪ ನನ್ನ ಕಡೆ ನೋಡಿ, ಬೇಡ ಎಂದು ಕಣ್ಣಲ್ಲೇ ಗದರಿಸಿದ. ನಾನು ಕೈ ಹಿಂದೆಳೆದುಕೊಂಡೆ. ಆಮೇಲಿನ ವಾರಗಳಲ್ಲೂ ಅವರು ಹಾಗೇ ಆಡಿದರು, ಒಬ್ಬರ ಆಳನ್ನು ಒಬ್ಬರು ಓಡಿಸುತ್ತಾ, ಬೈಯುತ್ತಾ. ರಿಮೋಟು ಕೆಳಗಿಟ್ಟರೆ ಮಾತು ಮತ್ತೆ ಬಂದ್. ಬಾಗಿಲು ದಾಟುವಾಗ ಹೋಗಿ ಬತ್ತೀನಿ ಎಂದು ಚಿಕ್ಕಪ್ಪ ಹೇಳುತ್ತಿದ್ದದ್ದು ಅಮ್ಮನಿಗೆ.

ಇಷ್ಟಕ್ಕೇ ನಾನು ಖುಷಿಪಟ್ಟಿದ್ದೆ. ಚಿಕ್ಕಪ್ಪನಿಗೆ ಇದು ಸಾಲದು. ಒಂದು ದಿನ ತಿಪಟೂರಿನಲ್ಲಿ ನನ್ನ ಸ್ಕೂಲಿನ ಗೇಟಿಗೇ ಬಂದು, ತನಗೊಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಡಿಸು ಅಂದ. ನಿನಗೆ ಯಾಕೆ ಎಂದು ನಾನು ಕೇಳಿದೆ. ಅವನು ಆ ಕಡೆ ಈ ಕಡೆ ನೋಡಿ ಹೇಳಿದ.

"ನಿಮ್ಮಪ್ಪ ನಮ್ಮನೇಲಿ ಕೂತು ಒಂದ್ ತುತ್ತು ಉಣ್ಬೇಕು ಕಣ್ಲಾ ಮಗ. ಕರುದ್ರೆ ಬರಾಕಿಲ್ಲ. ಆಟ ಅಲ್ಲಿದ್ರೆ ಬತ್ತಾನೆ."

ಕಂಪ್ಯೂಟರು ಕೊಡಿಸಿದೆ. ಮುಂದಿನ ಭಾನುವಾರ ಅವನು ಬಂದು ಎರಡೂ ರಿಮೋಟು ಚೀಲಕ್ಕೆ ಹಾಕಿಕೊಂಡು, ಇವು ನನ್ನ ಪಾಲಿಗೆ ಬಂದವು ತಾನೇ ಎಂದು ಗಟ್ಟಿಯಾಗಿ ಹೇಳಿ ಹೊರಟೇ ಹೋದ. ಅಪ್ಪ ಕೆಂಡಾಮಂಡಲವಾದ. ತನಗೇನು ಆಟದ ಚಟವಾ, ಮಕ್ಕಳಾಟ ಅದು ಎಂದು ಊಟದ ಹೊತ್ತಿನಲ್ಲೆಲ್ಲ ಗೊಣಗಿದ. ಭಾನುವಾರ ಬಂದರೆ ಜಗಲಿಯಲ್ಲಿ ಕೂತು ಹೆಬ್ಬೆರಳಿನಿಂದ ಹೆಬ್ಬೆರಳು ತಿಕ್ಕುತ್ತಿದ್ದ. ಅಂಗಡಿಯಿಂದ ಬೇರೆ ರಿಮೋಟು ತಂದು ಕೊಡುತ್ತೇನೆ ಎಂದು ನಾನು ಬೇಕೆಂದೇ ಕೆಣಕಿದರೆ, ಅದರಲ್ಲಿ ಏನೂ ಇರೋದಿಲ್ಲ ಎಂದು ಮುಖ ತಿರುಗಿಸಿದ.

ಕೊನೆಗೊಂದು ಭಾನುವಾರ ನಾನು ಚಿಕ್ಕಪ್ಪನ ಮನೆಯಲ್ಲಿದ್ದಾಗ, ಅಪ್ಪ ತೋಟದ ದಾರಿಯಲ್ಲಿ ಕಾಣಿಸಿಕೊಂಡ. ಬೇಲಿಯ ಕಂಬ ವಾಲಿದೆಯಾ ನೋಡುವವನ ಹಾಗೆ ಅಲ್ಲೇ ಸುಳಿದಾಡಿ, ಅಂಗಳಕ್ಕೆ ಬಂದು ನಿಂತುಬಿಟ್ಟ. ಚಿಕ್ಕಮ್ಮ ಕರೆಯಲು ಎದ್ದಳು. ಚಿಕ್ಕಪ್ಪ ಅವಳನ್ನು ಸೆರಗು ಹಿಡಿದು ಕೂರಿಸಿದ. ಕರೆದರೆ ಅಪ್ಪ ಬಂದ ದಾರಿಯಲ್ಲೇ ತಿರುಗುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಅವನು ಮಾಡಿದ್ದು ಒಂದೇ ಕೆಲಸ, ಸ್ಪೀಕರಿನ ಸೌಂಡನ್ನು ಪೂರ್ತಿ ತಿರುಗಿಸಿದ. ಆಟದ ಸಂಗೀತ ಇಡೀ ತೋಟಕ್ಕೆ ಕೇಳುವ ಹಾಗೆ ಬಡಿದುಕೊಂಡಿತು. ಸೌಂಡು ತಗ್ಸಲಾ, ಊರಿಗೆಲ್ಲ ಕೇಳ್ಸಬೇಕಾ ಎಂದು ಬೈಯುತ್ತಲೇ ಅಪ್ಪ ಒಳಗೆ ಬಂದ. ಹೊಸ್ತಿಲು ದಾಟಿದ್ದು ಅವನ ಗಮನಕ್ಕೆ ಬಂತೋ ಇಲ್ಲವೋ, ಬಂದರೂ ತೋರಿಸಿಕೊಳ್ಳಲಿಲ್ಲ.

ಅವತ್ತು ಅಪ್ಪ ಅಲ್ಲೇ ಮುದ್ದೆ, ಹುರುಳಿಕಾಳಿನ ಸಾರು ಉಂಡ. ಎರಡನೇ ಮುದ್ದೆಗೂ ತಟ್ಟೆ ಒಡ್ಡಿದ. ಚಿಕ್ಕಪ್ಪ ಉಣ್ಣದೆ ಅಣ್ಣನ ತಟ್ಟೆಯನ್ನೇ ನೋಡುತ್ತಾ ಕೂತಿದ್ದ. ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ತೊಟ್ಟಿಯ ಹತ್ತಿರ ನಿಂತು ಟವಲಿನಿಂದ ಮುಖ ಒತ್ತಿಕೊಂಡಿದ್ದ. ನನ್ನನ್ನು ಕಂಡು, ಖಾರ ಜಾಸ್ತಿ ಆಯ್ತು ಕಣ್ಲಾ ಅಂದ. ಚಿಕ್ಕಮ್ಮನ ಸಾರು ಯಾವತ್ತೂ ಸಪ್ಪೆ…

ಆಮೇಲೆ ಅಪ್ಪ ಭಾನುವಾರ ತಪ್ಪಿಸುತ್ತಿರಲಿಲ್ಲ. ಪ್ರತಿ ಸಲವೂ ಏನಾದರೂ ನೆಪ ಹೇಳಿಯೇ ಹೋಗುತ್ತಿದ್ದ, ಮೋಟರು ನೋಡಬೇಕು, ಸಸಿ ಕೇಳಬೇಕು ಅಂತ. ಅಂಥ ಭಾನುವಾರಗಳು ತುಂಬ ದಿನ ಸಿಗಲಿಲ್ಲ. ಹೋದ ವರ್ಷ ಚಿಕ್ಕಪ್ಪ ತೋಟದಲ್ಲಿ ನೀರು ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಕಾರ್ಯಗಳೆಲ್ಲ ಮುಗಿಯುವವರೆಗೆ ಅಪ್ಪ ಮುಂದೆ ನಿಂತು ನಡೆಸಿದ. ಆಮೇಲೆ ಆ ಕಡೆ ಹೋಗುವುದನ್ನು ನಿಲ್ಲಿಸಿದ. ದಂಡಿನಶಿವರಕ್ಕೆ ಮದುವೆ ಮಾಡಿಕೊಟ್ಟಿದ್ದ ಚಿಕ್ಕಮ್ಮನ ಒಬ್ಬಳೇ ಮಗಳು ಊರಿಗೆ ಬಂದಾಗ ಮಾತ್ರ ಅವಳೇ ನಮ್ಮ ಮನೆಗೆ ಬಂದು ದೊಡ್ಡಪ್ಪನನ್ನು ನೋಡಿ ಹೋಗುತ್ತಿದ್ದಳು.

ಮೊನ್ನೆ ಹೊತ್ತು ಇಳಿಯುವ ಹೊತ್ತಿಗೆ ಅಪ್ಪ ತೋಟದಿಂದ ಬಂದ. ನನ್ನ ಮಡಿಲಲ್ಲಿದ್ದ ರಿಮೋಟುಗಳನ್ನು ನೋಡಿದ. ಚಿಕ್ಕಮ್ಮ ಹೇಳಿ ಹೋದದ್ದನ್ನು ತಿಳಿಸಿದೆ. ಇನ್ನೂ ಕೆಲಸ ಮಾಡುತ್ತವೆ, ಒಳಗೆ ಸಿಕ್ಕಿಸಲಾ ಎಂದು ಕೇಳಿದೆ. ಅಪ್ಪ ಅವನ್ನು ತೆಗೆದುಕೊಂಡು, ವೈರನ್ನು ನಿಧಾನಕ್ಕೆ ಸುತ್ತಿ ಚೀಲದೊಳಗೆ ಇಟ್ಟ.

"ಇವು ಅಲ್ಲೇ ಇರ್ಲಿ. ಇಲ್ಲಿಗ್ ಬಂದುಬುಟ್ರೆ ನಾನು ಅಲ್ಲಿಗೆ ಏನಂತ ಹೋಗ್ಲಿ?"

ನಾನೇ ಕೊಟ್ಟು ಬರುತ್ತೇನೆ ಎಂದು ಎದ್ದೆ. ಬ್ಯಾಡ ಬುಡು ಅಂದ. ಕಾಲು ತೊಳೆದು, ಬೇರೆ ಅಂಗಿ ಹಾಕಿಕೊಂಡು, ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತೋಟದ ದಾರಿ ಹಿಡಿದ. ಈ ಸಲ ಕಂಬದ ನೆಪವಿಲ್ಲ, ಮೋಟರಿನ ನೆಪವೂ ಇಲ್ಲ. ಅಣ್ಣನನ್ನು ಬರಮಾಡಿಕೊಳ್ಳಲು ಅಷ್ಟೆಲ್ಲ ಹೂಟ ಹೂಡಿದ ಚಿಕ್ಕಪ್ಪ, ಅಣ್ಣ ತಾನಾಗಿಯೇ ಹೊರಟ ಸಂಜೆ ಆ ಮನೆಯಲ್ಲಿ ಇರಲಿಲ್ಲ.